ಕೊಳಲಿನ ರಿವರ್ಬ್

ಬನಹಟ್ಟಿಯ ಗಿರಮಲ್ಲಪ್ಪನಿಗೆ ತನ್ನ ಕೀಬೋರ್ಡಿನ ಸೌಂಡ್ ಮಾಡ್ಯೂಲಿನ ಮೇಲೆ ಸಿಟ್ಟು ಬಂದಿತ್ತು. ತೇರದಾಳದ ಬಸದಿಯ ಪೂಜೆಯಲ್ಲಿ ಉಜ್ವಲಾ ಹಾಡುವವಳಿದ್ದಳು. ಅವಳ ಹಾಡುಗಳಿಗೆ ಕೀಬೋರ್ಡಿನಲ್ಲಿ ವಾದ್ಯಗಳ ದನಿ ಹೊಂದಿಸಿ ನುಡಿಸುವ ಕೆಲಸ ಇವನದು. ತಬಲಾದ ದನಿಯನ್ನು ಯಾವ ಎಫೆಕ್ಟಿಗೂ ಕಳಿಸದೆ ನೇರವಾಗಿ ಬಿಟ್ಟಿದ್ದ. ಕೊಳಲನ್ನು ಮಾತ್ರ ಮಾರ್ದನಿ ಕೊಡುವ ರಿವರ್ಬಿಗೆ ತಿರುಗಿಸಿದ್ದ. ಸ್ವರ ನಿಂತ ಮೇಲೂ ಅದು ಕಲ್ಲಿನ ಗುಡಿಯೊಳಗಿನಂತೆ ತುಸು ಹೊತ್ತು ಸುಳಿದಾಡಬೇಕಿತ್ತು. ಆದರೆ ಕೀಲಿಯಿಂದ ಬೆರಳೆತ್ತಿದೊಡನೆ ಕತ್ತರಿಸಿದಂತೆ ನಿಂತುಬಿಡುತ್ತಿತ್ತು.

ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಇತ್ತು: ಕೊಳಲಿನಿಂದ ರಿವರ್ಬಿಗೆ, ಅಲ್ಲಿಂದ ಸ್ಪೀಕರಿಗೆ. ರಿವರ್ಬ್ ಏರಿಸಿದ, ಮತ್ತೂ ಏರಿಸಿದ. ವೈರು ಬದಲಿಸಿದ. ಮಾಡ್ಯೂಲನ್ನು ಜಮಖಂಡಿಯ ರಿಪೇರಿ ಅಂಗಡಿಗೆ ಒಯ್ದು ಬಿಚ್ಚಿಸಿದರೂ ದೋಷ ಸಿಗಲಿಲ್ಲ.

ತಾಲೀಮಿಗೆ ಬಂದ ಉಜ್ವಲಾ ಎರಡು ಸಾಲು ಹಾಡುವಷ್ಟರಲ್ಲಿ ಕಿವಿ ಮುಚ್ಚಿಕೊಂಡಳು.

"ಕಾಕಾ, ಕಡಿಮಿ ಮಾಡ್ರಿ! ಬಾಂವ್ಯಾಗ ಬಿದ್ದಂಗ ಗುಂಯ್‌ಗುಡಾಕತ್ತೈತಿ. ನಾ ಹೆಂಗ ಹಾಡ್ಲಿ?"

"ಎಲ್ಲಿ ಗುಂಯ್‌ಗುಡತೈತಿ? ರಿವರ್ಬೇ ಬರವಲ್ದು."

ಚೇಷ್ಟೆಯೆಂದುಕೊಂಡು ಅವಳು ನಕ್ಕಳು. ಅವನ ಮುಖ ನೋಡಿ ನಗು ನಿಂತಿತು. ಅವನು ಒಂದು ಸ್ವರ ಒತ್ತಿ ಬಿಟ್ಟ.

"ನಿಂತಿತಲ್ಲ?"

"ಇಲ್ರಿ."

ಅವನು ಕಾದ. ಕೋಣೆ ಅವನಿಗೆ ಪೂರ್ತಿ ನಿಶ್ಶಬ್ದವಾಗಿತ್ತು. "ಈಗ?"

"ಇನ್ನೂ ಐತ್ರಿ ಕಾಕಾ." ಎಷ್ಟು ಮೆಲ್ಲಗೆ ಅಂದಳೆಂದರೆ, ಅವನು ತುಟಿ ನೋಡಿಯೇ ತಿಳಿದುಕೊಳ್ಳಬೇಕಾಯಿತು.

ಪ್ರಾಯದಿಂದಲೂ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದವನು ಗಿರಮಲ್ಲಪ್ಪ. ಹೆಂಡತಿ ರಾಜಶ್ರೀ ಅವನನ್ನು ಮುಧೋಳದ ಡಾಕ್ಟರ ಹತ್ತಿರ ಕರೆದೊಯ್ದಳು.

"ಕಿವಿ ನರ ಸತ್ತಾವು, ಶೆಡ್ಡಿನ ಗದ್ದಲಕ್ಕ. ತಿರುಗಿ ಬರೂದಿಲ್ಲ," ಎಂದರು ಡಾಕ್ಟರು ಗಟ್ಟಿಯಾಗಿ. "ಮಶೀನ್ ಹಚ್ಚಿದ್ರ ಮಾತು ಒಂಚೂರು ಕೇಳ್ತೈತಿ."

"ಹಾಡು ಕೇಳ್ತೈತೇನ್ರಿ?" ಎಂದ ಗಿರಮಲ್ಲಪ್ಪ.

ಡಾಕ್ಟರು ಮುಂದಿನ ಪೇಶಂಟನ್ನು ಕರೆದರು.

ಕೊಳಲಿಗೆ ಎಷ್ಟು ರಿವರ್ಬ್ ಬೇಕೆಂಬುದನ್ನು ಉಜ್ವಲಾಳೇ ಕೇಳಿ ಕೇಳಿ ಹೇಳಿದಳು. ಇವನು ಅವಳು ಹೇಳಿದಲ್ಲಿಗೆ ಗುಂಡಿ ತಿರುಗಿಸಿದ. ಪೂಜೆಯ ದಿನ ಬೆರಳುಗಳು ರೂಢಿಯ ಮೇಲೆ ನುಡಿಸಿದವು. ಕೊಳಲು ಬಂದಾಗ ಮುಂದೆ ಕೂತ ಹೆಣ್ಣುಮಕ್ಕಳು ಕಣ್ಣು ಮುಚ್ಚಿದರು. ಅವನಿಗೆ ತಬಲಾದ ಬಡಿತವಷ್ಟೇ ಸಿಗುತ್ತಿತ್ತು. ಅದನ್ನೇ ಹಿಡಿದು ಸಾಗಿದ. ನಡುವೆ ಅದೂ ತಪ್ಪಿತು. ಉಜ್ವಲಾ ಬಂದು ಅವನ ಮುಂಗೈ ಮೇಲೆ ಕೈಯಿಟ್ಟಾಗಲೇ ಹಾಡು ಯಾವಾಗಲೋ ಮುಗಿದಿದೆ, ಎಲ್ಲರೂ ತನ್ನತ್ತಲೇ ನೋಡುತ್ತಿದ್ದಾರೆ ಎಂಬುದು ಗೊತ್ತಾದದ್ದು.

ಹೊರಗೆ ಕಟ್ಟೆಯ ಮೇಲೆ ಕೂತವನ ಹತ್ತಿರ ರಾಜಶ್ರೀ ಬಂದು ಏನೋ ಕೇಳಿದಳು. ಹೇಗಾಯಿತು ಎಂದು ಕೇಳಿರಬೇಕು.

"ಛಲೋ ಆತು," ಎಂದ.

ಅವಳು ಪಕ್ಕದಲ್ಲಿ ಕೂತಳು. ಸೆರಗಿನಿಂದ ಅವನ ಒದ್ದೆ ಕೆನ್ನೆ ಒರೆಸಿದಳು.