ಗುಡ್ಡದ ಮೇಲಿನ ಬೆಂಕಿ ಠಾಣೆ

“ಥೂ! ಹಿಂಗೆ ಎರಡು ಬೆರಳಲ್ಲಿ ಎತ್ತುದ್ರೆ ಹೇಲು ಖಾಲಿಯಾಯ್ತದೇನಮ್ಮೀ? ಮೀನಿನ ಕರುಳು ಬಗಿಯೋ ಕೈ ಅದು, ಹಾಕು ಒಳಿಕ್ಕೆ!”

ಪಾ ಸಾಂತಿಗಿ ದಂಡೆಯ ಮೇಲೆ ಕೊಡೆ ಬಿಚ್ಚಿಕೊಂಡು ನಿಂತು ಒದರುತ್ತಿದ್ದ. ಬೊಂಗಾ ಕೊಲ್ಲಿಯ ತಗಡಿನ ಗುಡಿಸಲುಗಳಿಗೆಲ್ಲ ಅವನೇ ಯಜಮಾನ. ಕೆಳಗೆ, ತಿಪ್ಪೆಯಲ್ಲಿ ತೊಡೆಮಟ್ಟ ಹೂತುಕೊಂಡು ಯೆಯಾಬು ಬಾಂಡಲಿ ತುಂಬುತ್ತಿದ್ದಳು. ಗುಡ್ಡದ ಮೇಲಿನವರು ಉಂಡು ಬಿಟ್ಟದ್ದು, ಹೇತು ಬಿಟ್ಟದ್ದು ಎಲ್ಲ ಮೋರಿ ಹಿಡಿದು ಇಳಿದು ಸಮುದ್ರ ಸೇರುವ ಜಾಗ ಅದು. ಕೈ ಹಾಕಿದರೆ ಒಮ್ಮೆ ಪ್ಲಾಸ್ಟಿಕ್ಕು, ಒಮ್ಮೆ ರಕ್ತದ ಬಟ್ಟೆ, ಒಮ್ಮೆ ಮುಟ್ಟಿದೊಡನೆ ಬಿರಿಯುವ ಸತ್ತ ಹಂದಿ. ಹಂದಿ ಬಿರಿದಾಗ ಪಕ್ಕದ ಹೆಂಗಸು ವಾಂತಿ ಮಾಡಿಕೊಂಡಳು. ಅದನ್ನೂ ಬಾಂಡಲಿಗೆ ಬಾಚಿ ಹೊತ್ತರು.

ಈ ತಿಪ್ಪೆ ತೆರವಾದರೆ ಇಲ್ಲೇ ಬೆಂಕಿ ಆರಿಸುವ ಗಾಡಿ ನಿಲ್ಲುವ ಬೆಂಕಿ ಠಾಣೆ ಕಟ್ಟಿಸುತ್ತೇವೆಂದು ನಗರಸಭೆಯ ದೆಕ್ಕರ್ ಸಾಹೇಬ ಮಾತು ಕೊಟ್ಟಿದ್ದ. ಬೇಸಿಗೆ ಬಂತೆಂದರೆ ಕೊಲ್ಲಿಯ ಒಂದಲ್ಲ ಒಂದು ಮೂಲೆ ಸುಟ್ಟು ಹೋಗುತ್ತಿತ್ತು. ಇದ್ದ ಒಂದೇ ಠಾಣೆ ನಗರದ ಆಚೆ ತುದಿಯಲ್ಲಿ. ಸಂತೆಬೀದಿಯ ನೂಕುನುಗ್ಗಲು ದಾಟಿ ಗಾಡಿ ಬರುವಷ್ಟರಲ್ಲಿ ಜನ ಬೂದಿಯಲ್ಲಿ ಮೊಳೆ ಆಯುತ್ತಿರುತ್ತಿದ್ದರು. ಅದಕ್ಕೇ ಹೆಂಗಸರು ಕೂಲಿ ಕೇಳದೆ ತಿಪ್ಪೆಗೆ ಇಳಿದಿದ್ದರು. ಮೀನು ತಂದು, ಹೊಗೆ ಹಾಕಿ, ಒಣಗಿಸಿ ಮಾರುವವರು ಅವರೆಲ್ಲ. ಒಲೆ ಆರಿದರೆ ಹೊಟ್ಟೆಯೂ ಆರಿದಂತೆ. ಆದರೂ ಒಲೆ ಬಿಟ್ಟು ಬಂದಿದ್ದರು.

ಯೆಯಾಬುವಿಗೆ ಮನೆಯಲ್ಲಿ ಅಕ್ಕ ಪೊಸ್ಸೆ ಇದ್ದಳು. ಚಿಕ್ಕಂದಿನ ಜ್ವರದಲ್ಲಿ ಎರಡೂ ಕಾಲು ಸೇದಿಹೋಗಿದ್ದವು. ಹಿಂದಿನ ಬೆಂಕಿಯಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ಓಡಿದ್ದಳು ಯೆಯಾಬು.

ಸಂಜೆ ತಂಗಿ ಬಾಗಿಲಿಗೆ ಬಂದರೆ ಪೊಸ್ಸೆ ಮೂಗು ಮುಚ್ಚಿಕೊಂಡಳು.

“ಅಲ್ಲೇ ನಿಂತ್ಕಳೇ! ನನ್ನ ಹೊರಾದು ತಪ್ಲಿ ಅಂತ ತಾನೇ ಊರ್ ಹೇಲ್ನೆಲ್ಲ ಹೊರ್ತಿರಾದು ನೀನು?”

“ನಿನ್ ಕುಂಡಿ ಏನ್ ಕಮ್ಮಿ ಭಾರವಾ? ಅದ್ಕಿಂತ ಹೇಲೇ ವಾಸಿ ಕಣಕ್ಕ.”

ಪೊಸ್ಸೆ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ತಾನೇ ತೆವಳಿ ಬಂದು ತಂಗಿಯ ಬೆನ್ನಿಗೆ ನೀರು ಹುಯ್ದು ಉಜ್ಜಿದಳು. ಕಾಸು ಕೊಟ್ಟು ತಂದ ನೀರು. ಒಂದು ಹನಿ ಚೆಲ್ಲದ ಹಾಗೆ ಹುಯ್ದಳು.

ಜಾಗ ತೆರವಾದ ದಿನ ದೆಕ್ಕರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಮೂಗಿಗೆ ಕರ್ಚೀಫು. ಹಿಂದೆ ಕ್ಯಾಮೆರಾ ಹಿಡಿದ ಬಿಳಿಯರು. ಠಾಣೆಗೆ ದುಡ್ಡು ಕೊಡುವವರು. ಹೆಂಗಸರು ಮೈ ತೊಳೆಯಲು ಹೊರಟರೆ ಅವನು ತಡೆದ.

“ಬೇಡ ಬೇಡ, ಹಾಗೇ ಇರಿ. ಗಲೀಜಾಗಿದ್ರೇನೇ ಫೋಟೋ ಚೆನ್ನಾಗಿ ಬರೋದು. ಏಯ್, ನೀನು, ಓಣಿ ಬಾಯಲ್ಲಿ ಕೂತಿರೋ ಆ ಕುಂಟೀನ ಎತ್ಕೊಂಡು ಬಾ. ಮುಂದುಗಡೆ ಕೂರ್ಸು.”

ಪೊಸ್ಸೆಯನ್ನು ತಂದು ಕೆಸರಲ್ಲಿ ಕೂರಿಸಿದರು. ನಗಬೇಡ ಅಂದರು. ಪಾ ಸಾಂತಿಗಿಗೆ ಒಂದು ಕವರು ಸಿಕ್ಕಿತು, ಹೆಂಗಸರಿಗೆ ತಲೆಗೊಂದು ಸಾಬೂನು.

ಮಳೆಗಾಲ ಕಳೆಯಿತು. ಠಾಣೆ ಎದ್ದಿತು, ಗುಡ್ಡದ ಮೇಲೆ. ಒಂದು ಕಡೆ ದೊಡ್ಡ ಹೋಟೆಲು, ಇನ್ನೊಂದು ಕಡೆ ಮಂತ್ರಿಗಳ ಬಂಗಲೆಗಳು, ನಡುವೆ ಕೆಂಪು ಬಾಗಿಲಿನ ಬೆಂಕಿ ಠಾಣೆ. ಕೊಲ್ಲಿಯಲ್ಲಿ ತೆರವಾದ ಜಾಗವನ್ನು ಪಾ ಸಾಂತಿಗಿ ಮರದ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟ.

ಯೆಯಾಬು ನಗರಸಭೆಗೆ ಹೋದಳು. ದೆಕ್ಕರ್ ಅವಳನ್ನು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಲ್ಲಿಸಿದ. ಎದುರಿನ ಗೋಡೆಯ ಮೇಲೆ ನಗರದ ನಕ್ಷೆ, ಠಾಣೆಯಿಂದ ಗಾಡಿ ಬೇಗ ತಲುಪುವ ಜಾಗಕ್ಕೆಲ್ಲ ಹಳದಿ ಬಳಿದಿತ್ತು.

“ನಮ್ದೆಲ್ಲಿ ಸಾಹೇಬ್ರೆ?” ಅಂದಳು ಅವಳು.

ಅವನು ಪೆನ್ನಿನ ತುದಿಯಿಂದ ನಕ್ಷೆಯ ನೀಲಿಯನ್ನು ಕುಟ್ಟಿದ. “ಇದು.”

“ಅದು ನೀರಲ್ವಾ?”

“ನೀರೇ. ನೀವು ಕಸ ಸುರಿದು ಸಮುದ್ರ ಮುಚ್ಚಿ ಕೂತಿರೋರು. ಸಮುದ್ರಕ್ಕೆ ಯಾರಾದ್ರೂ ಬೆಂಕಿ ಠಾಣೆ ಕಟ್ತಾರಾ? ಅಲ್ಲದೆ ನಿಮ್ಮಲ್ಲಿ ಗಾಡಿ ನುಗ್ಗೋಕೆ ದಾರಿ ಎಲ್ಲಿದೆ? ಗುಡ್ಡದ ಮೇಲೆ ಕಟ್ಟಿದ್ರೆ ಗಾಡಿ ಎಷ್ಟು ಬೇಗ ತಲುಪುತ್ತೆ ಗೊತ್ತಾ? ಹೊರಗಿನ ದೇಶದೋರೇ ಹೊಗಳಿದ್ದಾರೆ.”

“ಬೇಗ ತಲುಪದು ಯಾರ್‍ಗೆ ಸಾಹೇಬ್ರೆ? ಕಲ್ಲಿನ ಮನೆಗೆ ಬೆಂಕಿ ಬೀಳ್ತದಾ? ನಾವು ಕೈಯಾರೆ ಹೇಲು ಬಾಚುದ್ವಲ್ಲ!”

“ಮೀನು ವಾಸನೆ ತಡ್ಯಕ್ಕಾಗ್ತಿಲ್ಲ,” ಎಂದು ದೆಕ್ಕರ್ ಜವಾನನಿಗೆ ಹೇಳಿದ. “ಇವಳನ್ನ ಆಚೆ ಹಾಕು. ನಿಂತ ಜಾಗಕ್ಕೆ ಫಿನಾಯಿಲ್ ಹಾಕ್ಸು.”

ಅವಳು ಮೆಟ್ಟಿಲಿಳಿಯುವ ಮೊದಲೇ ಫಿನಾಯಿಲಿನ ಘಾಟು ಬೆನ್ನಟ್ಟಿ ಬಂತು.

ಮರುಭೂಮಿ ಕಡೆಯ ಒಣಗಾಳಿ ಬೀಸತೊಡಗಿದ್ದ ಒಂದು ಮಧ್ಯಾಹ್ನ, ಯೆಯಾಬು ದೋಣಿಕಟ್ಟೆಯಲ್ಲಿ ಮೀನಿಗೆ ಚೌಕಾಸಿ ಮಾಡುತ್ತಿದ್ದಾಗ ಹೊಗೆ ಕಂಡಿತು. ಪಾ ಸಾಂತಿಗಿ ಕದ್ದು ಎಳೆದು ಮನೆಮನೆಗೆ ಬಾಡಿಗೆಗೆ ಕೊಟ್ಟಿದ್ದ ಕರೆಂಟಿನ ತಂತಿ ಮರದ ರಾಶಿಯ ಮೇಲೆ ಕಿಡಿ ಉದುರಿಸಿತ್ತು. ಮರದಿಂದ ಬೆಂಕಿ ಗುಡಿಸಲಿಗೆ ಹಾರಿತ್ತು.

ಅವಳು ಬುಟ್ಟಿ ಎಸೆದು ಓಡಿದಳು. ಓಣಿಯ ಬಾಯಲ್ಲೇ ಝಳ ಹೊಡೆದು ಕೂದಲು ಚುರುಗುಟ್ಟಿತು. ಒಳಗಿನಿಂದ ಕೂಗು ಬರುತ್ತಿತ್ತು. “ಯೆಯಾಬೂ... ಲೇ ಯೆಯಾಬೂ...” ಬೈಯುವಾಗ ಕರೆಯುತ್ತಿದ್ದಂತೆಯೇ ಕರೆಯುತ್ತಿದ್ದಳು ಪೊಸ್ಸೆ. ಯೆಯಾಬು ನುಗ್ಗಿದಳು. ಗಂಡಸರು ರಟ್ಟೆ ಹಿಡಿದು ಎಳೆದರು. ಅವರ ಕೈ ಕಚ್ಚಿ ಮತ್ತೆ ನುಗ್ಗಿದಳು, ಮತ್ತೆ ಎಳೆದರು. ಜನ ಚರಂಡಿಯ ನೀರು ಮೊಗೆದು ಎರಚುತ್ತಿದ್ದರು.

ಗುಡ್ಡದಿಂದ ಗಾಡಿ ಇಳಿದು ಬಂತು. ಬಂತಲ್ಲ! ಮುಖ್ಯ ರಸ್ತೆಯಲ್ಲಿ ಅದು ನಿಂತಿತು, ಬಯಿಂಬಾ ಎಂಬ ಠಾಣೆಯ ಹುಡುಗ ಕೊಳವೆ ಎಳೆದುಕೊಂಡು ಓಣಿಯೊಳಕ್ಕೆ ಓಡಿದ. ಕೊಳವೆ ಓಣಿ ದಾಟಿ ಒಳಗೆ ಬಂತು. ಯೆಯಾಬುವಿನ ಗುಡಿಸಲ ಮುಂದೆ ಅವನು ಕೊಳವೆಯ ಮೂತಿ ತಿರುವಿದ. ಅದು ಕೆಮ್ಮಿತು. ಮುದುಕನ ಉಚ್ಚೆಯ ಹಾಗೆ ತೊಟ್ಟಿಕ್ಕಿ ನಿಂತುಹೋಯಿತು.

“ನೀರೆಲ್ಲಲಾ?” ಯೆಯಾಬು ಅವನ ಕೊರಳಪಟ್ಟಿ ಹಿಡಿದಳು. “ನೀರೆಲ್ಲೋ ಬೋಳಿಮಗನೇ?”

ಅವನು ಕಣ್ಣು ತಪ್ಪಿಸಿದ. “ಬೆಳಗ್ಗೆ ಹೋಟ್ಲು ಈಜುಕೊಳಕ್ಕೆ ಬಿಟ್ವಿ ಕಣಕ್ಕ. ಮದ್ವೆ ಇತ್ತು. ದೆಕ್ಕರ್ ಸಾಹೇಬ್ರೇ ಹೇಳಿದ್ದು... ತುಂಬ್ಸಕ್ಕೆ ಬಿಡುವೇ ಆಗ್ಲಿಲ್ಲ.”

ಒಳಗಿನ ಕೂಗು ನಿಂತಿತ್ತು.

ತಗಡು ತಣ್ಣಗಾದ ಮೇಲೆ ಎತ್ತಿ ನೋಡಿದರು. ಪೊಸ್ಸೆ ಹೊಸ್ತಿಲ ತನಕ ತೆವಳಿ ಬಂದಿದ್ದಳು. ಒಂದು ಕೈ ಆಚೆಗೆ ಚಾಚಿತ್ತು. ಎತ್ತಲು ಹೋದರೆ ಕೈ ಬಿಟ್ಟುಕೊಂಡು ಬಂತು. ಯೆಯಾಬು ಅದನ್ನು ತನ್ನ ತಲೆವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಬಯಿಂಬಾ ಅವಳನ್ನು ನೋಡಿ ಗೋಡೆಗೆ ಹಣೆ ಕೊಟ್ಟು ಕಾರಿಕೊಂಡ.

ಮಣ್ಣು ಮಾಡಿ ಬಂದ ಮಾರನೆಯ ದಿನ ದೆಕ್ಕರ್ ಬೂದಿಯ ಅಂಚಿನಲ್ಲಿ ಕಾರು ನಿಲ್ಲಿಸಿ, ಕಿಟಕಿ ಅರ್ಧ ಇಳಿಸಿ, ಮೈಕು ಹಿಡಿದ. ಪಾ ಸಾಂತಿಗಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಎಲ್ಲಾ ಈ ಮೀನಿನ ಒಲೆಗಳಿಂದ್ಲೇ ಆಗಿದ್ದು. ಇವತ್ತಿಂದ ಠಾಣೆಯ ಗಾಡಿ ಬೇಗ ತಲುಪೋ ಜಾಗ ಬಿಟ್ಟು ಬೇರೆ ಎಲ್ಲೂ ಒಲೆ ಹಚ್ಚಕೂಡದು. ಹಚ್ಚಿದ್ರೆ ಜೈಲು!”

“ಕೇಳ್ತಾ ಮುಂಡೇರಾ?” ಅಂದ ಪಾ ಸಾಂತಿಗಿ.

“ಕೇಳ್ತು,” ಅಂದಳು ಯೆಯಾಬು.

ಮರುದಿನ ಬೆಳಗ್ಗೆ ಕೊಲ್ಲಿಯ ಹೆಂಗಸರು ಗುಡ್ಡ ಹತ್ತಿದರು. ಸೀಳಿದ ಡ್ರಮ್ಮಿನ ಒಲೆಗಳು, ಜಾಲರಿ, ಸೌದೆ, ಬುಟ್ಟಿಗಟ್ಟಲೆ ಬೊಂಗಾ ಮೀನು, ಎಲ್ಲ ತಲೆಯ ಮೇಲೆ. ಠಾಣೆಯ ಕೆಂಪು ಬಾಗಿಲಿನ ಮುಂದೆ ಸಾಲಾಗಿ ಒಲೆ ಹೂಡಿದರು. ಅಲ್ಲೇ ಕೂತು ಮೀನಿನ ಹೊಟ್ಟೆ ಸೀಳಿ ಕರುಳು ಕಿತ್ತು ರಸ್ತೆಗೆ ಎಸೆದರು. ನೊಣ ಮುತ್ತಿತು. ಹೊಗೆ ಎದ್ದು ಹೋಟೆಲಿನ ಮಾಳಿಗೆಗೆ, ಮಂತ್ರಿಗಳ ಕಿಟಕಿಗಳಿಗೆ ನುಗ್ಗಿತು. ಮೇಲಿನಿಂದ ಯಾರೋ ಕೆಮ್ಮುತ್ತ ಬೈದರು. ಒಬ್ಬಳು ತಿರುಗಿಸಿ ಬೈದಳು, “ಮುಚ್ಕಂಡು ಹೊಗೆ ಕುಡ್ಯಮ್ಮಾ, ನಿಮ್ ಹೇಲು ನಾವ್ ಬಾಚಿಲ್ವಾ!”

ದೆಕ್ಕರ್ ಓಡಿಬಂದ. ಕರ್ಚೀಫು ಎಲ್ಲಿ ಬಿತ್ತೋ, ಅಂಗೈಯಲ್ಲೇ ಮೂಗು ಮುಚ್ಚಿದ್ದ. “ಏನೇ ಇದು? ಎತ್ತಿ! ಎತ್ರೇ ಹಲ್ಕಾಗಳಾ!”

“ಗಾಡಿ ಬೇಗ ತಲುಪೋ ಜಾಗದಲ್ಲೇ ಹಚ್ಚಿವ್ನಿ ಸಾಹೇಬ್ರೆ. ಇದ್ಕಿಂತ ಹತ್ರ ಇನ್ನೆಲ್ಲೈತೆ?” ಅಂದಳು ಯೆಯಾಬು.

“ಹೊಡಿರೋ ನೀರು! ಏನ್ ನೋಡ್ತಿದ್ದೀರಾ?” ದೆಕ್ಕರ್ ಠಾಣೆಯ ಕಡೆ ತಿರುಗಿ ಕೂಗಿದ.

ಬಾಗಿಲು ತೆರೆಯಿತು. ಬಯಿಂಬಾನ ಕೈಗೆ ಕೊಳವೆ ಕೊಟ್ಟರು. ಅವನು ಅನುಮಾನಿಸಿದ. ದೆಕ್ಕರ್ ಅವನ ಕೆನ್ನೆಗೆ ಬಿಟ್ಟ.

ನೀರು ಬಂತು. ತೋಳು ಗಾತ್ರದ ನೀರು, ಸ್ಫಟಿಕದಂಥ ನೀರು. ಒಲೆಗಳು ಉರುಳಿದವು, ಮೀನು ಚೆಲ್ಲಾಪಿಲ್ಲಿಯಾಗಿ ಮೋರಿಗೆ ಬಿತ್ತು. ಎದೆಗೆ ಹೊಡೆದ ರಭಸಕ್ಕೆ ಯೆಯಾಬು ಅಂಗಾತ ಬಿದ್ದಳು. ಬಾಯಿ, ಮೂಗು ಎಲ್ಲ ನೀರೇ.

ಅವಳು ಎದ್ದಳು. ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದಳು. ಹಿಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಡಿ ಕಾಪಾಡಿಕೊಂಡಿದ್ದ ಕೆಂಡದ ಮಡಕೆಯನ್ನು ಮುಂದಕ್ಕೆ ಸಾಗಹಾಕಿದಳು.

“ಹೊಡಿಯೋ,” ಅಂದಳು ಯೆಯಾಬು, ಬಯಿಂಬಾನ ಮುಖವನ್ನೇ ನೋಡುತ್ತ. “ಇದ್ರಾಗೆ ಒಂದು ಬಿಂದಿಗೆ ಆಗಿದ್ರೂ ನಮ್ಮಕ್ಕ ಬದುಕ್ತಿದ್ಲು. ಹೊಡಿಯೋ.”

“ಹೊಡಿ!” ಎಂದು ದೆಕ್ಕರ್ ಅರಚಿದ.

ಯೆಯಾಬು ಡ್ರಮ್ಮಿನೊಳಗೆ ಕೆಂಡ ಸುರಿದು, ಒದ್ದೆ ಸೌದೆ ಒಟ್ಟಿ, ಮಂಡಿಯೂರಿ, ಕೆನ್ನೆ ಉಬ್ಬಿಸಿ ಊದತೊಡಗಿದಳು.