ಟೈಲರಣ್ಣ ಕತ್ತರಿಸಿದ ಹಸಿರು ವೈರು

ನಮ್ಮ ಟೈಲರಣ್ಣನ ಕಿವಿ ಬಲು ಸೂಕ್ಷ್ಮ. ಮೂರು ಹೊಲಿಗೆ ಯಂತ್ರ ಒಟ್ಟಿಗೆ ಓಡುತ್ತಿದ್ದರೂ ಯಾವುದಕ್ಕೆ ಎಣ್ಣೆ ಬೇಕು ಎಂದು ಕೂತಲ್ಲೇ ಹೇಳಿಬಿಡುತ್ತಾರೆ. ಹನ್ನೊಂದು ವರ್ಷದಿಂದ ಅವರ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು ನಾನು. ಹೊಗಳಬೇಕಾದಾಗ ಹೊಗಳುತ್ತೇನೆ, ಬಯ್ಯಬೇಕಾದಾಗ ಬಯ್ಯುತ್ತೇನೆ.

ಮುಂದೆ ಅಂಗಡಿ, ಹಿಂದೆ ಮನೆ. ಹಿಂದಿನ ಕೋಣೆಯಲ್ಲಿ ಅವರ ಅಮ್ಮ ಇರುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಕುರ್ಚಿಯ ಪಕ್ಕದಲ್ಲಿ ಕಬ್ಬಿಣದ ಮೈಯ ಹಳೆಯ ಆಂಪ್ಲಿಫೈಯರ್, ಗೋಡೆಗೆ ಎರಡು ಸ್ಪೀಕರ್. ನಾವೆಲ್ಲ ಅದನ್ನು ಹಾಡಿನ ಪೆಟ್ಟಿಗೆ ಅನ್ನುತ್ತೇವೆ. ಅದರ ಯಾವ ಗುಂಡಿ ತಿರುಗಿಸಿದರೆ ಏನಾಗುತ್ತದೆ ಎಂಬುದು ಅಮ್ಮನ ಬೆರಳಿಗೆ ಬಾಯಿಪಾಠ. ದಿನಕ್ಕೆ ನೂರು ಸಲ ಅದರ ಮೇಲೆ ಕೈಯಾಡಿಸುತ್ತಾರೆ.

ಒಂದು ದಿನ ಇಸ್ತ್ರಿ ಪೆಟ್ಟಿಗೆ ತಾಗಿ ಹಾಡಿನ ಪೆಟ್ಟಿಗೆಯ ಕರೆಂಟ್ ವೈರು ಸುಟ್ಟುಹೋಯಿತು. ಟೈಲರಣ್ಣ ರಸ್ತೆ ಬದಿಯಲ್ಲಿ ಹೊಸದೊಂದನ್ನು ಕೊಂಡು ತಂದರು. ಹೆಬ್ಬೆರಳಿನಷ್ಟು ದಪ್ಪ, ಮೇಲೆ ನೇಯ್ದ ಹೊದಿಕೆ, ಬಂಗಾರದ ಬಣ್ಣದ ಪಿನ್ನು.

"ಇದನ್ನ ಹಾಕಿದ್ರೆ ಹಾಡೇ ಬೇರೆ ಥರ ಕೇಳುತ್ತಂತೆ," ಎಂದು ಬೀಗಿದರು.

ಅದೇ ದಿನ ಟಿವಿಯ ಶಬ್ದವೂ ಸ್ಪೀಕರಿನಲ್ಲೇ ಬರಲಿ ಎಂದು ಟಿವಿಯನ್ನೂ ಪೆಟ್ಟಿಗೆಗೆ ಜೋಡಿಸಿದರು. ಅಲ್ಲಿಂದ ಶುರುವಾಯಿತು 'ಗುಂಯ್' ಅನ್ನುವ ಸದ್ದು. ನಮಗೆ ಅದು ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಅಣ್ಣ ಮಾತ್ರ ಮೂರು ದಿನ ಸಿಡಿಮಿಡಿಗೊಂಡರು. ನಾಲ್ಕನೆಯ ದಿನ ಸದ್ದು ನಿಂತಿತ್ತು. ಹೇಗೆ ನಿಂತಿತು ಎಂದು ಅವರು ಬಾಯಿಬಿಡಲಿಲ್ಲ.

ಮಾರನೆಯ ದಿನ ಅಮ್ಮ ಹೇಳಿದರು, "ಮಗಾ, ಪೆಟ್ಟಿಗೆ ಮುಟ್ಟಿದ್ರೆ ಬೆರಳು ಜುಮ್ ಅನ್ನುತ್ತೆ ಕಣೋ."

"ವಯಸ್ಸಾಯ್ತಲ್ಲಮ್ಮ, ಕೈ ಜೋಮು ಹಿಡಿದಿರುತ್ತೆ. ಸ್ವಲ್ಪ ಎಣ್ಣೆ ಹಚ್ಚಿ ತಿಕ್ಕಿಕೋ."

ನನಗೆ ಸಿಟ್ಟು ಬಂತು. ಜೋಮು ಹಿಡಿದ ಕೈ ಪೆಟ್ಟಿಗೆ ಬಿಟ್ಟ ಕೂಡಲೇ ಸರಿಹೋಗುತ್ತದೆಯೇ? ಸೂಜಿ ಅಲ್ಲೇ ಚುಚ್ಚಿಟ್ಟು ಮೂಲೆಯ ರಿಪೇರಿ ಅಂಗಡಿಗೆ ಹೋಗಿ ರೇಡಿಯೊ ಅಕ್ಕನನ್ನು ಕರೆತಂದೆ.

ಅಕ್ಕನ ಕೆಲಸ ನೋಡುವುದೇ ಒಂದು ಪಾಠ. ಮಾತು ಕಡಿಮೆ, ಕೈ ನಿಧಾನ. ಬಂದವರೇ "ಯಾರೂ ಪೆಟ್ಟಿಗೆ ಮುಟ್ಟಬೇಡಿ" ಎಂದರು. ಮೊದಲು ಸ್ವಿಚ್ ಆರಿಸಿದರು. ವೈರು ಹಿಡಿದು ಎಳೆಯದೆ, ಪ್ಲಗ್ಗನ್ನೇ ಹಿಡಿದು ಕಿತ್ತರು. ಆಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಅಣ್ಣನ ಬಟ್ಟೆ ಕತ್ತರಿಯ ಮೇಲೆ ಬಿತ್ತು. ಆ ಕತ್ತರಿಯಲ್ಲಿ ನಾನು ಒಂದು ಚೂರು ಕಾಗದ ಕತ್ತರಿಸಿದರೂ ಅಂಗಡಿ ಅಲ್ಲೋಲಕಲ್ಲೋಲವಾಗುತ್ತದೆ.

"ಇದರ ಅಲಗು ಮುಕ್ಕಾಗಿದೆಯಲ್ಲ ಅಣ್ಣಾ, ಏನು ಕತ್ತರಿಸಿದ್ರಿ?"

ಟೈಲರಣ್ಣ ಸೂರು ನೋಡಿದರು. "ಪ್ಲಗ್ ಒಳಗೆ ಒಂದು ಹಸಿರು ವೈರು ಇತ್ತು. ಅದನ್ನ ತೆಗೆದ್ರೆ ಗುಂಯ್ ನಿಲ್ಲುತ್ತೆ ಅಂತ ಯಾರೋ ಅಂದ್ರು. ಹೆಚ್ಚಿಗೆ ದಾರ ಕತ್ತರಿಸಿದ ಹಾಗೆ ಕತ್ತರಿಸಿದೆ. ನಿಂತೂ ಹೋಯ್ತು. ಕರೆಂಟ್ ಬರೋದು ಉಳಿದ ಎರಡರಲ್ಲೇ ತಾನೇ?"

"ಬರೋದು ಆ ಎರಡರಲ್ಲೇ. ದಾರಿ ತಪ್ಪಿದ ಕರೆಂಟ್ ನೆಲಕ್ಕೆ ಹೋಗೋದು ಈ ಹಸಿರಲ್ಲಿ. ಅದಕ್ಕೇ ಅರ್ಥಿಂಗ್ ಅನ್ನೋದು. ಇದನ್ನ ಕತ್ತರಿಸಿದ್ರೆ ಕಬ್ಬಿಣದ ಮೈಗೆ ಸೋರಿದ ಕರೆಂಟಿಗೆ ಅಮ್ಮನ ಮೈಯೇ ದಾರಿ. ಸದ್ಯಕ್ಕೆ ಬರೀ ಜುಮ್ ಅಂದಿದೆ. ಒಳಗೊಂದು ವೈರು ಕಳಚಿ ಪೆಟ್ಟಿಗೆ ಮೈಗೆ ತಾಗಿದ್ರೆ ಅಮ್ಮನಿಗೆ ಅದನ್ನ ಹೇಳೋಕೂ ಆಗ್ತಿರಲಿಲ್ಲ."

ಅಣ್ಣನ ಮುಖ ಬಿಳಿಚಿಕೊಂಡಿತು. ಆದರೂ ಹಟ ಪೂರ್ತಿ ಇಳಿದಿರಲಿಲ್ಲ. "ಹಸಿರನ್ನ ಮತ್ತೆ ಜೋಡಿಸಿಬಿಡಿ. ವೈರು ಮಾತ್ರ ಒಳ್ಳೇದು, ದಪ್ಪ ನೋಡಿ."

ಅಕ್ಕ ತಮ್ಮ ಕಟ್ಟರ್ ತೆಗೆದು ವೈರನ್ನು ಸೀಳಿದರು. ಒಳಗೆಲ್ಲ ರಬ್ಬರು. ನಡುವಿನ ಮೂರು ಸಣ್ಣ ವೈರಿನಲ್ಲೂ ನಾಲ್ಕೈದೇ ಎಳೆ ತಾಮ್ರ. "ಬಟ್ಟೆ ತಗೊಳ್ಳುವಾಗ ತಿರುವಿ ಹಾಕಿ ನೂಲು ನೋಡ್ತೀರಿ. ಇಲ್ಲಿ ಹೊಳಪಿಗೆ ಮರುಳಾದ್ರಲ್ಲ."

ಟೈಲರಣ್ಣ ಆ ಎಳೆಗಳನ್ನು ಬೆರಳಲ್ಲಿ ಹೊಸೆದು ನೋಡಿದರು. "ಬರೀ ಲೈನಿಂಗ್. ಬಟ್ಟೆಯೇ ಇಲ್ಲ," ಎಂದು ಮೆಲ್ಲಗೆ ಒಪ್ಪಿಕೊಂಡರು.

ಅಕ್ಕ ಪೆಟ್ಟಿಗೆಯ ಬೆನ್ನಿನ ಮೇಲೆ ಬರೆದದ್ದನ್ನು ಓದಿದರು. ಚೀಲದಿಂದ ಸಾದಾ ಕಪ್ಪು ವೈರೊಂದನ್ನು ತೆಗೆದು ಅಣ್ಣನ ಕೈಗೆ ಕೊಟ್ಟರು. "ಮೂರು ಪಿನ್ನು ಇದೆ. ತಯಾರಿಸಿದವರ ಹೆಸರು, ಸುರಕ್ಷತೆಯ ಗುರುತು, ವೋಲ್ಟು, ಆಂಪಿಯರ್ ಎಲ್ಲ ಅಚ್ಚಾಗಿದೆ. ಪೆಟ್ಟಿಗೆ ಬೆನ್ನ ಮೇಲೆ ಬರೆದದ್ದಕ್ಕಿಂತ ಇದರದ್ದು ಕಡಿಮೆ ಇರಬಾರದು. ಹಿಂದಿನ ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಹಾಡು ಚೆನ್ನಾಗಿ ಕೇಳಿಸೋದು ವೈರಿನ ಬಣ್ಣದಿಂದ ಅಲ್ಲ."

ಅಷ್ಟಕ್ಕೇ ಅವರು ಬಿಡಲಿಲ್ಲ. ಗೋಡೆಯ ಬೋರ್ಡಿನಲ್ಲಿ ಅರ್ಥಿಂಗ್ ಇದೆಯೇ ಎಂದು ಮೀಟರ್ ಹಿಡಿದು ನೋಡಿದರು. ಅದಿಲ್ಲದಿದ್ದರೆ ಎಂಥ ವೈರು ತಂದರೂ ದಂಡವಂತೆ. ಪೆಟ್ಟಿಗೆ ಬಿಚ್ಚಿ ಒಳಗೂ ಪರೀಕ್ಷಿಸಿ, ಮುಚ್ಚಿ, ಹೊಸ ವೈರು ಹಾಕಿದರು. ಟಿವಿಯ ಪ್ಲಗ್ಗನ್ನೂ ಪೆಟ್ಟಿಗೆಯ ಪ್ಲಗ್ ಇದ್ದ ಗೋಡೆಯ ಬೋರ್ಡಿಗೇ ಹಾಕಿದರು. ಎರಡೂ ಬೇರೆ ಬೇರೆ ಕಡೆ ಇದ್ದದ್ದರಿಂದಲೇ ಗುಂಯ್ ಬರುತ್ತಿತ್ತು. ಈಗ ಹಸಿರು ವೈರು ಇದ್ದೂ ಸದ್ದಿಲ್ಲ. ಆ ದಪ್ಪ ವೈರನ್ನು ಯಾರೂ ಮತ್ತೆ ಬಳಸದಂತೆ ತುಂಡು ತುಂಡು ಮಾಡಿದರು. ಇಷ್ಟೆಲ್ಲ ಮಾಡಿ, ಏನೂ ಮಾಡದವರ ಹಾಗೆ ಕೈ ಒರೆಸಿಕೊಂಡರು. ಅಂಥವರು ನಮ್ಮ ಬೀದಿಯಲ್ಲಿರುವುದು ನಮ್ಮ ಪುಣ್ಯ.

ಅಮ್ಮ ಪೆಟ್ಟಿಗೆಯ ಮೇಲೆ ಒಂದು ಬೆರಳಿಟ್ಟರು, ಆಮೇಲೆ ಇಡೀ ಅಂಗೈ. "ಈಗ ಬರೀ ಹಾಡು ಬರ್ತಿದೆ ಮಗಾ."

ಟೈಲರಣ್ಣ ಅಮ್ಮನ ಕಾಲ ಬಳಿ ಕೂತರು. "ಅಷ್ಟು ಸಣ್ಣ ಗುಂಯ್ ನನಗೆ ಕೇಳಿಸ್ತಮ್ಮ. ನೀನು ಹೇಳಿದ್ದು ಕೇಳಿಸಲಿಲ್ಲ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತೇ ನಿಮ್ಮ ಮನೆಯ ಹಾಡಿನ ಪೆಟ್ಟಿಗೆಯ ಹಿಂದೆ ಒಮ್ಮೆ ನೋಡಿ. ವೈರು ಬಿರುಕು ಬಿಟ್ಟಿದ್ದರೆ ಟೇಪು ಸುತ್ತಬೇಡಿ, ಬದಲಾಯಿಸಿ. ಕೊಳ್ಳುವಾಗ ಅದರ ಮೇಲಿನ ಅಕ್ಷರ ಓದಿ, ಓದಲು ಬಾರದಿದ್ದರೆ ತಿಳಿದವರಿಂದ ಓದಿಸಿ. ಮೂರನೆಯ ಪಿನ್ನನ್ನು ಯಾವ ಕಾರಣಕ್ಕೂ ಮುರಿಯಬೇಡಿ, ಹಸಿರು ವೈರು ಕತ್ತರಿಸಬೇಡಿ. ಮನೆಯಲ್ಲಿ ಯಾರಾದರೂ ಬೆರಳು ಜುಮ್ ಅಂತು ಎಂದರೆ ಸ್ವಿಚ್ ಆರಿಸಿ, ರಿಪೇರಿಯವರನ್ನು ಕರೆಯಿರಿ. ಅಲ್ಲಿಯವರೆಗೆ ಹಾಡು ಕಾಯಲಿ.