ಶಾಮಿಸೆನ್ ಒಳಗಿನ ಮುದ್ರೆ

ಸೀಮೆಎಣ್ಣೆ ಒಲೆ ಹಚ್ಚಿ ಹತ್ತು ನಿಮಿಷವಾಗಿರಲಿಲ್ಲ, ಮೂಲೆಯಲ್ಲಿಟ್ಟಿದ್ದ ತಂತಿವಾದ್ಯ ಶಾಮಿಸೆನ್‌ನ ಹೊಟ್ಟೆಗೆ ಬಿಗಿದ ಚರ್ಮ ಫಟ್ಟೆಂದು ಹರಿಯಿತು. ನಾಳೆ ಸುಮಿನೊ ವೇದಿಕೆಯಲ್ಲಿ ಕೂತು ಅದರ ಮೂರು ತಂತಿ ಮೀಟಬೇಕು. ಚೆನ್ನಾಗಿ ನುಡಿಸಿದರೆ ಗುರು ಇವಾಸೆ ತಮ್ಮ ಪರಂಪರೆಯ ಹೆಸರನ್ನು ಅವಳಿಗೆ ಕೊಡುತ್ತಾರೆ. ನೂಡಲ್ ಅಂಗಡಿಯಲ್ಲಿ ಪಾತ್ರೆ ತಿಕ್ಕಿ ಒರಟಾದ ಬೆರಳುಗಳಿಂದಲೇ ಹನ್ನೊಂದು ವರ್ಷ ಕಲಿತದ್ದು ಆ ಒಂದು ಹೆಸರಿಗಾಗಿ.

ಚರ್ಮ ಹರಿಯುವುದು ದೊಡ್ಡ ಸಂಗತಿಯಲ್ಲ. ಮತ್ಸುಮೊಟೊದ ಒಣ ಚಳಿಯಲ್ಲಿ ಎಲ್ಲರದೂ ಹರಿಯುತ್ತದೆ. ಆದರೆ ಊರಲ್ಲಿ ಅದನ್ನು ಮತ್ತೆ ಬಿಗಿಯುವವನು ಮುರೊಯಿ ಒಬ್ಬನೇ. ಶಿಷ್ಯರೆಲ್ಲ ವಾದ್ಯ ಕೊಳ್ಳುವುದೂ ಅವನಲ್ಲೇ. ಗುರುಗಳೇ ಜೊತೆಗೆ ಹೋಗಿ ಆರಿಸಿಕೊಡುತ್ತಾರೆ, ಹೊಸ ವರ್ಷಕ್ಕೆ ಮುರೊಯಿ ಅವರಿಗೆ ಹಣದ ದಪ್ಪ ಲಕೋಟೆಯೊಂದನ್ನು ಒಪ್ಪಿಸುತ್ತಾನೆ. ಬರೆದಿಟ್ಟ ಕಾನೂನೇನಲ್ಲ, ಮೀರಿದವರು ಮಾತ್ರ ಉಳಿದಿಲ್ಲ. ಹೋದ ವರ್ಷ ಒಬ್ಬಳು ಬೇರೆ ಊರಿಂದ ಕೊಂಡು ತಂದಾಗ ಗುರುಗಳು ನಗುನಗುತ್ತಲೇ "ಕೊಂಡಲ್ಲೇ ಕಲ್ತ್ಕೊಳ್ಳಿ" ಎಂದು ಬಾಗಿಲು ತೋರಿಸಿದ್ದರು.

ಸುಮಿನೊ ತನ್ನದನ್ನು ಮೂರು ವರ್ಷದ ಹಿಂದೆ ಓಸಾಕಾದ ಕಂಪನಿಯೊಂದರ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿದ್ದಳು. ಮುರೊಯಿ ಹೇಳುವ ಬೆಲೆಯ ಅರ್ಧ. ಗುರುಗಳು ಕೇಳಿದಾಗ, "ಯುದ್ಧದಲ್ಲಿ ತೀರಿಹೋದ ಸೋದರತ್ತೇದು" ಎಂದುಬಿಟ್ಟಳು. ಅವಳಿಗೆ ಸೋದರತ್ತೆಯೇ ಇರಲಿಲ್ಲ. ವಾದ್ಯ ಬಿಚ್ಚಿದರೆ ಅದು ಹೊಸದೆಂದು ಮುರೊಯಿಗೆ ತಿಳಿಯುತ್ತದೆ, ಅವನಿಂದ ಗುರುಗಳಿಗೆ.

ಬೇರೆ ದಾರಿ ಕಾಣದೆ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮುರೊಯಿಯ ಅಂಗಡಿಗೆ ಹೊರಟಳು. ಸೇತುವೆಯ ಮೇಲೆ ಎರಡು ಸಲ ನಿಂತವಳು, ಚಳಿಗೆ ಎಂದುಕೊಂಡಳು. ಸುಳ್ಳು ಹೇಳುವುದು ಈಗ ಅವಳಿಗೆ ಸಲೀಸು.

"ಅತ್ತೇದು ಅಂತೀರಲ್ಲ, ಅದೇನಾ?" ಮುರೊಯಿ ಕನ್ನಡಕ ಏರಿಸಿದ. "ಗಾಬರಿ ಬೇಡ. ಬೆಳಿಗ್ಗೆಗೆ ಕೊಡ್ತೀನಿ."

ಒದ್ದೆ ಬಟ್ಟೆಯಿಂದ ಅಂಟು ನೆನೆಸಿ ಹರಿದ ಚರ್ಮ ಬಿಡಿಸಿದ. ದೀಪ ಹಿಡಿದು ಒಳಗೆ ನೋಡಿದವನು ಹಾಗೇ ನಿಂತುಬಿಟ್ಟ. ಸುಮಿನೊ ಇಣುಕಿದಳು. ಮರದ ಒಳಮೈ ತುಂಬ ನವಿರು ಗೆರೆಗಳ ಕೆತ್ತನೆ, ನಡುವೆ ಸುಟ್ಟು ಒತ್ತಿದ ಮುದ್ರೆ: ಮುರೊಯಿ, ಶೋವಾ ಐವತ್ತು. ಯುದ್ಧ ಮುಗಿದು ಮೂವತ್ತು ವರ್ಷದ ಮೇಲಿನ ಇಸವಿ.

"ಇದು... ನಿಮ್ದೇ?"

"ಮೆಲ್ಲಗೆ ಮಾತಾಡಿ ತಾಯಿ!" ಅವನು ಬಾಗಿಲ ಕಡೆ ನೋಡಿದ. "ಓಸಾಕಾದವರಿಗೆ ಮಾಡಿ ಕಳಿಸೋನು ನಾನೇ. ಹೆಸರು ಹಾಕ್ಬೇಡ ಅಂದಿದ್ರು. ಕೆಲಸ ಚೆನ್ನಾಗಿ ಬಂದಿತ್ತು, ಒಳಗಡೆ ಯಾರು ನೋಡ್ತಾರೆ ಅಂತ ಒತ್ಬಿಟ್ಟೆ. ಇದೇ ಮಾಲು ಅಂಚೇಲಿ ಅರ್ಧ ಬೆಲೆಗೆ ಸಿಗತ್ತೆ ಅಂತ ನಿಮ್ಮ ಇವಾಸೆ ಸೆನ್ಸೇಗೆ ಗೊತ್ತಾದ್ರೆ ಒಬ್ಬ ಶಿಷ್ಯನೂ ಈ ಮೆಟ್ಲು ಹತ್ತಲ್ಲ. ಅಂಗಡಿಗೆ ಬೀಗ!"

ಯಾರಿಗೆ ಹೆದರಿ ಮೂರು ವರ್ಷ ಈ ಬೀದಿ ತಪ್ಪಿಸಿ ನಡೆದಿದ್ದಳೋ, ಅವನೇ ಈಗ ಅವಳಿಗೆ ಹೆದರಿ ನಿಂತಿದ್ದ. ಸುಮಿನೊಗೆ ಇನ್ನೇನು ನಗು ಬರಬೇಕು, ಅಷ್ಟರಲ್ಲಿ ಬಾಗಿಲು ಸರಿಯಿತು. ನಾಳೆಗೆ ತಂತಿ ಕೊಳ್ಳಲು ಗುರು ಇವಾಸೆ ಬಂದಿದ್ದರು.

"ಓಹೋ, ಅತ್ತೆ ವಾದ್ಯದ ಹೊಟ್ಟೆ ಬಿಚ್ಚಿದೀರಾ? ಎಲ್ಲಿ, ತೋರಿಸಿ. ಯುದ್ಧಕ್ಕೆ ಮುಂಚಿನ ಕೆತ್ತನೆ ಈಗೆಲ್ಲಿ ಸಿಗತ್ತೆ ನೋಡೋಕೆ!"

ಮುರೊಯಿ ನೆನೆಸಿಟ್ಟಿದ್ದ ಹೊಸ ಚರ್ಮವನ್ನು ಬಾಚಿ ಮರದ ಮೇಲೆ ಹೊದಿಸಿಬಿಟ್ಟ. "ಕೈ ತೆಗೆದ್ರೆ ಒಣಗಿಹೋಗತ್ತೆ ಸೆನ್ಸೇ. ಆಮೇಲೆ ನಾಳೆಗೆ ಆಗಲ್ಲ."

ಅವನ ಹಣೆಯ ಬೆವರು ಚರ್ಮದ ಮೇಲೆ ತೊಟ್ಟಿಕ್ಕಿತು. ಗುರುಗಳು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಹಾಗಾ. ಹಾಗಿದ್ರೆ ಮುಂದಿನ ಸಲ ಹರಿದಾಗ ನನ್ನೆದುರಿಗೇ ಬಿಚ್ಚಿ. ಹರಿಯದೆ ಎಲ್ಲಿ ಹೋಗತ್ತೆ?" ನಕ್ಕು, ತಂತಿ ತೆಗೆದುಕೊಂಡು ಹೋದರು.

"ಮುದ್ರೆ ಕೆರೆದ್ಬಿಡಿ," ಸುಮಿನೊ ಪಿಸುಗುಟ್ಟಿದಳು.

"ಕೆರೆದ್ರೆ ಹೊಸ ಮರ ಎದ್ದು ಕಾಣತ್ತೆ. ಕೆತ್ತನೆ ಏನ್ಮಾಡ್ಲಿ? ಇಪ್ಪತ್ತು ವರ್ಷದಿಂದ ಸೆನ್ಸೇ ನನ್ನ ಕೈಕೆಲಸ ನೋಡ್ತಿದಾರೆ. ಕಣ್ಮುಚ್ಚಿ ಮುಟ್ಟಿದ್ರೂ ಹೇಳ್ತಾರೆ."

ಮರುದಿನ ಸುಮಿನೊ ನುಡಿಸಿದಳು. ಹೊಸ ಹೆಸರು ಬರೆದ ಮರದ ಹಲಗೆಯೂ ಕೈಗೆ ಬಂತು. ಈಕೆ ನುಡಿಸಿದ್ದು ತೀರಿಹೋದ ಸೋದರತ್ತೆಯ ವಾದ್ಯವೆಂದು ಗುರುಗಳು ಸಭೆಗೆ ಹೇಳಿದರು. ಇಲ್ಲದ ಅತ್ತೆಗೆ ಇಡೀ ಸಭೆ ತಲೆ ಬಾಗಿಸಿತು. ಸುಮಿನೊ ಕೂಡ ಬಾಗಿಸಿದಳು.

ಚರ್ಮ ಮತ್ತೆ ಹರಿಯದಿರಲೆಂದು ಆ ಚಳಿಗಾಲ ಅವಳು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಪಾಠಕ್ಕೆ ಗುರುಗಳ ಮನೆಯ ಹಳೆಯ ಶಾಮಿಸೆನ್ ಸಾಕೆಂದಳು. ತನ್ನದನ್ನು ಗೋಡೆಗೆ ತೂಗುಹಾಕಿದ ಹೆಸರಿನ ಹಲಗೆಯ ಕೆಳಗಿಟ್ಟು, ಕೋಟು ಹೊದ್ದು ಅದರೆದುರು ಕೂರುತ್ತಿದ್ದಳು. ನುಡಿಸಲು ಧೈರ್ಯವಿರಲಿಲ್ಲ. ವಾರಕ್ಕೊಮ್ಮೆ ಮುರೊಯಿ ಸೈಕಲ್ ತುಳಿದು ಬರುತ್ತಿದ್ದ. ಟೀ ಕೊಟ್ಟರೆ ಬೇಡವೆನ್ನುತ್ತಿದ್ದ. ಎಲ್ಲಾದರೂ ಬಿರಿಯುತ್ತಿದೆಯೇ ಎಂದು ಇಬ್ಬರೂ ಮಂಡಿಯೂರಿ ಚರ್ಮದ ಅಂಚಿಗೆ ಕಿವಿ ಹಚ್ಚುತ್ತಿದ್ದರು.

"ಏನಾದ್ರೂ ಕೇಳಿಸ್ತಾ?"

"ಇನ್ನೂ ಇಲ್ಲ."